ಸಾಹೇಬರ ಕೊನೆಯ ಮೀಸೆ

ಎಲ್ಲ ಶುರುವಾದದ್ದು ಒಂದು ಚಿಟಿಕೆ ಕೂದಲಿನಿಂದ. ಎರಡು ಬೆರಳ ನಡುವೆ ಹಿಡಿದರೆ ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಕೂದಲು. ಸಲೂನಿನ ನೆಲದ ಮೇಲೆ ಬಿದ್ದಿದ್ದರೆ ಪೊರಕೆಯೂ ಅದನ್ನು ಗಮನಿಸುತ್ತಿರಲಿಲ್ಲ. ಆದರೆ ಅದು ಸಾಹೇಬರ ಮೀಸೆಯ ಕೂದಲು. ಸಾಹೇಬರು ಅಂದು ಬೆಳಗಿನ ಜಾವ ತೀರಿಕೊಂಡಿದ್ದರು. ಮೀಸೆಯೊಂದನ್ನು ಮುಟ್ಟಬೇಡಪ್ಪ ಎಂದು ಅವರ ಹೆಂಡತಿ ಬಾಯಿಬಿಟ್ಟು ಹೇಳಿದ್ದರು. ಆಮೇಲೂ ನೊಣಪ್ಪ ಕತ್ತರಿ ಆಡಿಸಿದ.

ನೊಣಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಸೇತುವೆಗೆ ಹೋಗುವ ಬೀದಿಯ ಮೂಲೆಯಲ್ಲಿ ಅವನದೊಂದು ಪುಟ್ಟ ಸಲೂನು. ಕುರ್ಚಿ ಖಾಲಿಯಾಯಿತೆಂದರೆ ಕನ್ನಡಿಯ ಮುಂದಿನ ಹಲಗೆಗೆ ತಿರುಪಿನಿಂದ ಬಿಗಿಯುವ ಬೆರಳುದ್ದದ ವೈಸೊಂದನ್ನು ಕೂರಿಸಿ, ಅದರ ಬಾಯಿಗೆ ಮೀನಿನ ಕೊಕ್ಕೆ ಕಚ್ಚಿಸಿ, ನೊಣ ಕಟ್ಟಲು ಕೂರುತ್ತಿದ್ದ. ಗಾಳಕ್ಕೆ ಎರೆಹುಳು ಚುಚ್ಚಿ ದಡದಲ್ಲಿ ತೂಕಡಿಸುವವರನ್ನು ಕಂಡರೆ ಅವನಿಗೆ ತಾತ್ಸಾರ. ಗರಿ, ತುಪ್ಪಳ, ರೇಷ್ಮೆ ದಾರಗಳನ್ನು ಕೊಕ್ಕೆಗೆ ಸುತ್ತಿ, ಹೊಳೆಯ ಮೇಲೆ ಹಾರುವ ನೊಣವನ್ನೇ ಹೋಲುವಂತೆ ಕಟ್ಟಬೇಕು. ಉದ್ದನೆಯ ಕೋಲಿನಿಂದ ದಾರ ಬೀಸಿ, ನೀರಿಗೆ ಗೊತ್ತಾಗದ ಹಾಗೆ ಅದನ್ನು ನೀರಿನ ಮೇಲೆ ಇಳಿಸಬೇಕು. ಮೀನು ತಾನಾಗಿ ಮೇಲೆದ್ದು ಮೋಸ ಹೋಗಬೇಕು. ಅದು ವಿದ್ಯೆ ಎನ್ನುತ್ತಿದ್ದ. ಈ ವಿದ್ಯೆಗಾಗಿ ಹೆಂಡತಿಯ ಕೋಟಿನ ತುಪ್ಪಳದ ಕೊರಳಪಟ್ಟಿ ಬೋಳಾಗಿತ್ತು, ಮನೆಯ ದಿಂಬುಗಳೆಲ್ಲ ತೆಳುವಾಗಿದ್ದವು, ಪಕ್ಕದ ಮನೆಯ ಬೆಕ್ಕು ಅವನನ್ನು ಕಂಡರೆ ಬಾಲವನ್ನು ಮೈ ಕೆಳಗೆ ಬಚ್ಚಿಟ್ಟುಕೊಂಡು ಕೂರುತ್ತಿತ್ತು.

ಹಳೇ ಸೇತುವೆಯ ಕೆಳಗೆ ಹೊಳೆ ತಿರುಗುವ ಕಡೆ ಒಂದು ಆಳವಾದ ಮಡು. ಅದರಲ್ಲಿ ಒಂದು ಮುದಿ ಮೀನು. ನೊಣಪ್ಪ ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದ. "ದೊಡ್ಡಪ್ಪ ಇವತ್ತೂ ಮುಖ ತೋರಿಸಲಿಲ್ಲ" ಎಂದು ಗಂಡ ದಿನಾ ಕೊರಗುವುದನ್ನು ಕೇಳಿ, ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಯಾರೋ ಸಿರಿವಂತ ನೆಂಟರು ಮುನಿಸಿಕೊಂಡಿದ್ದಾರೆ ಎಂದೇ ತಿಳಿದಿದ್ದಳು.

ದೊಡ್ಡಪ್ಪ ಯಾವ ನೊಣಕ್ಕೂ ಸೊಪ್ಪು ಹಾಕುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ, ಕೈಯಲ್ಲಿ ಬೇರೇನೂ ಇಲ್ಲದೆ, ಅಂಗಿಯ ತೋಳಿಗೆ ಅಂಟಿಕೊಂಡಿದ್ದ ನಾಲ್ಕಾರು ಕೆಂಗಂದು ಕೂದಲಿನಿಂದ ನೊಣಪ್ಪ ಒಂದು ನೊಣ ಕಟ್ಟಿದ. ದೊಡ್ಡಪ್ಪ ಮಡುವಿನ ತಳದಿಂದ ಎದ್ದು ಬಂದು ಅದನ್ನು ನುಂಗಿ, ದಾರ ಹರಿದು, ಹೊರಟುಹೋದ. ಆ ಕೂದಲು ಬೆಳಿಗ್ಗೆ ತಾನೇ ಕತ್ತರಿಸಿದ ಸಾಹೇಬರ ಮೀಸೆಯದು.

ಸಾಹೇಬರು ಮೀನುಗಾರಿಕೆ ಇಲಾಖೆಯಿಂದ ನಿವೃತ್ತರಾದವರು. ಮಡುವಿನ ಎರಡೂ ದಡದ ಜಮೀನು ಅವರದೇ. ಊರಿನವರು ಅಲ್ಲಿ ಗಾಳ ಹಾಕಬೇಕಾದರೆ ಅವರನ್ನು ಕೇಳಿಯೇ ಹಾಕಬೇಕು. ಪ್ರತಿ ಶನಿವಾರ ಸಲೂನಿಗೆ ಬಂದು ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ಮೀಸೆಯ ತುದಿ ತಿದ್ದಿಸಿಕೊಳ್ಳುತ್ತಿದ್ದರು. ಅದೆಂಥ ಮೀಸೆ! ನರಿಯ ಬಣ್ಣ, ಎಣ್ಣೆಯ ಮಿರುಗು, ಎರಡೂ ಕಡೆ ಹಾಯಿ ಬಿಚ್ಚಿದ ದೋಣಿಯ ಹಾಗೆ. ನೊಣಪ್ಪ ಉದುರಿದ ತುದಿಗಳನ್ನು ಗುಟ್ಟಾಗಿ ಬಳಿದುಕೊಂಡು, ನೊಣ ಕಟ್ಟಿ ಡಬ್ಬಿಯಲ್ಲಿಡುತ್ತಿದ್ದ.

"ಏನಯ್ಯಾ ನೊಣಪ್ಪ, ದೊಡ್ಡಪ್ಪ ನಿನ್ನ ನೊಣಕ್ಕೆ ಎದ್ದು ಬರ್ತಾನಂತೆ. ಯಾವ ಕೂದಲು ಹಾಕ್ತೀಯಾ?" ಎಂದು ಸಾಹೇಬರು ಒಮ್ಮೆ ಕೇಳಿದ್ದರು.

"ನರಿ ಕೂದಲು ಸಾಹೇಬ್ರೇ."

"ಈ ಕಡೆ ನರಿ ಎಲ್ಲಿದೆಯೋ?"

"ಅಪರೂಪಕ್ಕೆ ಬರುತ್ತೆ ಸಾಹೇಬ್ರೇ. ವಾರಕ್ಕೊಂದ್ಸಲ" ಎಂದಿದ್ದ ನೊಣಪ್ಪ.

ಅಂದು ಬೆಳಿಗ್ಗೆ ಸಲೂನಿನ ಬಾಗಿಲು ತೆರೆಯುತ್ತಿದ್ದಂತೆ ಸಾಹೇಬರ ತಮ್ಮ ಬಂದು ನಿಂತ. ಬೇರೆ ಊರಿನಲ್ಲಿ ಗುತ್ತಿಗೆದಾರನಾಗಿದ್ದ ಅವನಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿರಲಿಲ್ಲ. "ಅಣ್ಣ ಹೋಗ್ಬಿಟ್ಟ ಕಣಯ್ಯಾ. ಮಲಗಿದೋನು ಏಳಲೇ ಇಲ್ಲ. ಮುಖಕ್ಷೌರ ಮಾಡ್ಬೇಕು ಬಾ. ಮಧ್ಯಾಹ್ನ ಜನ ನೋಡೋಕೆ ಬರ್ತಾರೆ, ಸಂಜೆಗೆ ಮಣ್ಣು" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಹೋದ.

ನೊಣಪ್ಪನಿಗೆ ಮೊದಲು ಬಂದದ್ದು ದುಃಖವೇ. ಖಾಲಿ ಕುರ್ಚಿಯ ಒರಗುದಿಂಬಿನ ಮೇಲೆ ಸಾಹೇಬರ ತಲೆ ಮಾಡಿದ್ದ ಗುಳಿಯನ್ನು ನೋಡಿ, ಅದನ್ನು ಅಂಗೈಯಿಂದ ಸವರಿದ. ಆದರೆ ಆ ದುಃಖ ನೆಟ್ಟಗೆ ಕೂರುವ ಮೊದಲೇ, ಬಸ್ಸಿನಲ್ಲಿ ಜಾಗ ಹಿಡಿಯಲು ಹೆಗಲು ಕೊಟ್ಟು ನುಗ್ಗುವವನ ಹಾಗೆ, ಇನ್ನೊಂದು ಯೋಚನೆ ಒಳಗೆ ಬಂತು. ಇನ್ನು ಮೇಲೆ ಕೂದಲು? ಡಬ್ಬಿಯಲ್ಲಿದ್ದದ್ದೆಲ್ಲ ಮೀಸೆಯ ತುದಿಯ ಚೂರುಗಳು. ಬುಡದ ಉದ್ದ ಕೂದಲು ಅವನಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಅದರಿಂದ ರೆಕ್ಕೆ ಕಟ್ಟಿದರೆ ದೊಡ್ಡಪ್ಪ ಅಲ್ಲ, ದೊಡ್ಡಪ್ಪನ ಅಪ್ಪನೂ ಎದ್ದು ಬಂದಾನು. ಇವತ್ತು ಸಂಜೆ ಅದು ಮಣ್ಣಿಗೆ ಹೋಗುತ್ತದೆ.

ಸಾಹೇಬರನ್ನು ಹಿಂದಿನ ಕೋಣೆಯ ಉದ್ದ ಮೇಜಿನ ಮೇಲೆ ಮಲಗಿಸಿದ್ದರು. ಕಿಟಕಿಯ ಹತ್ತಿರ ಬೇಸಿನ್ನಿನಲ್ಲಿ ಬಿಸಿನೀರು, ಪಕ್ಕದಲ್ಲಿ ಮಡಿಸಿದ ಟವೆಲು. ಸಾಹೇಬರ ಹೆಂಡತಿ ಗಂಡನ ತಲೆಗೂದಲು ನೇವರಿಸುತ್ತ ನಿಂತಿದ್ದರು. ಅತ್ತು ಅತ್ತು ಅವರ ದನಿ ಕೂತುಹೋಗಿತ್ತು.

"ಗಡ್ಡ ತೆಗೆದುಬಿಡಪ್ಪ. ಮೀಸೆ ಮಾತ್ರ ಮುಟ್ಟಬೇಡ. ಸುಮ್ಮನೆ ಬಾಚು ಸಾಕು. ಅವರಿಗೆ ಈ ಲೋಕದಲ್ಲಿ ಹೆಮ್ಮೆ ಅಂತ ಇದ್ದಿದ್ದು ಅದೊಂದೇ."

"ಆಗಲಿ ಅಮ್ಮಾವ್ರೇ" ಎಂದ ನೊಣಪ್ಪ. ಹೇಳುವಾಗ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಅವರು ಹೊರಗೆ ಹೋದರು. ನೊಣಪ್ಪ ನೊರೆ ಹಚ್ಚಿ ಕ್ಷೌರಕ್ಕೆ ತೊಡಗಿದ. ಅಭ್ಯಾಸಬಲದಿಂದ "ಸ್ವಲ್ಪ ಈ ಕಡೆ ತಿರುಗಿ ಸಾಹೇಬ್ರೇ" ಎಂದುಬಿಟ್ಟು, ಅವರು ತಿರುಗದೆ ಇದ್ದಾಗ ತಾನೇ ಮೇಜು ಸುತ್ತಿ ಆ ಕಡೆಗೆ ಹೋದ. ಕೆನ್ನೆ ತಣ್ಣಗಿತ್ತು. ಇದೇ ಕೆನ್ನೆ ಬೇಸಿಗೆಯಲ್ಲಿ ಬೆವರುತ್ತಿದ್ದದ್ದು, ಕತ್ತಿ ತಾಗಿದಾಗ ಚುಳ್ಳೆಂದು ನಡುಗುತ್ತಿದ್ದದ್ದು ಅವನ ಬೆರಳಿಗೆ ನೆನಪಿತ್ತು. ಅವನು ಎರಡು ಸಲ ಕಣ್ಣೊರೆಸಿಕೊಂಡ. ಮೂರನೆಯ ಸಲ ಒರೆಸಿಕೊಳ್ಳಲು ಕರವಸ್ತ್ರ ತೆಗೆದವನು, ಅದನ್ನು ಮೇಜಿನ ಮೇಲೆ ಹಾಸಿ, ಎಡಮೀಸೆಯ ಬುಡದಿಂದ ಒಂದು ಚಿಟಿಕೆ ಕತ್ತರಿಸಿ ಅದರಲ್ಲಿ ಮಡಿಸಿಟ್ಟುಕೊಂಡ.

"ಏನಯ್ಯಾ, ಎಡಗಡೆ ಸ್ವಲ್ಪ ತೆಳುವಾಯ್ತಲ್ಲ?"

ಬಾಗಿಲಲ್ಲಿ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ನಿಂತಿದ್ದರು. ಹೂಜಿ, ಹೂದಾನಿ, ಮನುಷ್ಯರ ಮೂಗು ಎಲ್ಲಕ್ಕೂ ನಡುವೆ ಗೆರೆ ಎಳೆದು ಎರಡು ಪಾಲು ಮಾಡಿಸುವುದನ್ನು ಮಕ್ಕಳಿಗೆ ಕಲಿಸಿ ನಿವೃತ್ತರಾದವರು. ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಸಾಹೇಬರ ಮುಖದ ನೇರಕ್ಕೆ ಚಾಚಿ ಹಿಡಿದಿದ್ದರು.

"ಮಲಗಿದಾರಲ್ಲ ಮೇಷ್ಟ್ರೇ, ಹಾಗೆ ಕಾಣುತ್ತೆ" ಎಂದ ನೊಣಪ್ಪ.

"ಮಲಗಿದ್ರೂ ಸಮ ಸಮವೇ ಕಣಯ್ಯಾ. ಬಲಗಡೆ ಒಂದು ಕೂದಲೆಳೆಯಷ್ಟು ತೆಗಿ, ಸರಿ ಹೋಗುತ್ತೆ. ಜನ ನೋಡೋಕೆ ಬರ್ತಾರೆ."

ನೊಣಪ್ಪ ಬಲಗಡೆ ಒಂದಿಷ್ಟು ತೆಗೆದ. ಮೇಷ್ಟ್ರು ಹಿಂದೆ ಸರಿದು ನೋಡಿ ಹಲ್ಲು ಕಚ್ಚಿ ಉಸಿರೆಳೆದರು. ಈಗ ಬಲಗಡೆ ತೆಳುವಾಗಿತ್ತು. ಎಡಗಡೆ ತೆಗೆದ. ಎಡ ಮೋಟಾಯಿತು. ಬಲವನ್ನು ಅದರ ಸಮಕ್ಕೆ ತಂದ. ನಾಲ್ಕು ಕಾಲಿನ ಕುಂಟು ಕುರ್ಚಿಯನ್ನು ಸಮ ಮಾಡಲು ಹೋಗಿ ಮಣೆ ಮಾಡಿಟ್ಟವರ ಹಾಗೆ ಇಬ್ಬರೂ ಸೇರಿ ಆ ಮೀಸೆಯನ್ನು ಇಳಿಸುತ್ತಾ ಬಂದರು. ಹಾಯಿದೋಣಿ ದೋಣಿಯಾಯಿತು, ದೋಣಿ ಹಲಗೆಯಾಯಿತು.

"ಈಗ ನೋಡು, ಲಕ್ಷಣವಾಗಿದೆ" ಎಂದು ಮೇಷ್ಟ್ರು ಉದಾರವಾಗಿ ನಕ್ಕು, ಸಹಾಯ ಮಾಡುವ ಉತ್ಸಾಹದಲ್ಲಿ ಕೂದಲು ಬಿದ್ದಿದ್ದ ಟವೆಲನ್ನು ಎತ್ತಿ ಕಿಟಕಿಯಿಂದ ಹೊರಗೆ ಜೋರಾಗಿ ಕೊಡವಿದರು. ನರಿ ಬಣ್ಣದ ಮೋಡವೊಂದು ಗಾಳಿಗೆ ಎದ್ದು ಹಿತ್ತಲ ಬೇಲಿ ದಾಟಿ ಹೋಯಿತು.

"ಇನ್ನೂ ಆಗಿಲ್ವೇನಯ್ಯಾ!"

ಗುಂಡು ಹಾರಿದಂತೆ ಬಂದ ದನಿ ಸಾಹೇಬರ ತಮ್ಮನದು. ನೊಣಪ್ಪ ಬೆಚ್ಚಿದ. ಕತ್ತರಿ ಅವನಿಗಿಂತ ಮೊದಲು ಬೆಚ್ಚಿತು. ಕಚಕ್ ಎಂದಿತು. ಸಾಹೇಬರ ಮೂಗಿನ ಕೆಳಗೆ, ಮೀಸೆಯ ನಟ್ಟನಡುವೆ, ಹಲ್ಲು ಬಿದ್ದ ಬಾಯಿಯಂತೆ ಒಂದು ಕಿಂಡಿ ತೆರೆದುಕೊಂಡಿತು.

ಹೆದರಿಕೆಯಲ್ಲಿ ಮನುಷ್ಯನ ಕೈಗೆ ಎಲ್ಲಿಲ್ಲದ ಚುರುಕು ಬರುತ್ತದೆ. ತಮ್ಮ ಮೇಜಿನ ಹತ್ತಿರ ಬರುವಷ್ಟರಲ್ಲಿ, ಮೇಷ್ಟ್ರು ಕಿಟಕಿಯಿಂದ ತಿರುಗುವಷ್ಟರಲ್ಲಿ, ಸಾಹೇಬರ ಮುಖದ ಮೇಲೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಬಿದ್ದಿತ್ತು.

"ಮುಖಕ್ಕೆ ಯಾಕೆ ಬಟ್ಟೆ?"

"ಬಿಸಿ ಬಟ್ಟೆ ಸಾರ್. ಬಿಗಿ ಹಿಡಿದಿರೋ ಚರ್ಮ ಸಡಿಲ ಆಗುತ್ತೆ."

"ಈಗ ಸಡಿಲ ಆಗಿ ಆಗಬೇಕಾದ್ದೇನು?"

"ಕಳೆ ಬರುತ್ತೆ ಸಾರ್. ಹತ್ತು ವರ್ಷ ಚಿಕ್ಕೋರಾಗಿ ಕಾಣ್ತಾರೆ. ಆದರೆ ಯಾರೂ ತೆಗೆದು ನೋಡಬಾರದು, ಗಾಳಿ ತಾಗಿದ್ರೆ ಸುಕ್ಕು ಬರುತ್ತೆ. ನಾನು ಮನೆಗೆ ಹೋಗಿ ಒಂದು ಮುಲಾಮು ತಂದುಬಿಡ್ತೀನಿ."

ತಮ್ಮ ತನ್ನ ಕೆನ್ನೆಯನ್ನೊಮ್ಮೆ ಸವರಿಕೊಂಡ. "ಬೇಗ ಬಾ. ನಾಳೆ ನನಗೂ ಒಂದು ಹಾಕು" ಎಂದ.

ಮನೆಯಲ್ಲಿ ನೊಣಪ್ಪನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಗಂಡನ ಮುಖ ನೋಡಿ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿಟ್ಟಳು. "ಏನ್ರೀ ಇದು? ಸತ್ತೋರು ಸಾಹೇಬ್ರೋ ನೀವೋ?"

ನೊಣಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ. ಅವಳು ಕೂತುಬಿಟ್ಟಳು.

"ಹೆಣದ ಮೀಸೆ ಕದ್ರಾ?"

"ಕದಿಯಲಿಲ್ಲ ಕಣೇ. ಚೂರು ತಗೊಂಡೆ. ಮಿಕ್ಕಿದ್ದು ತಾನಾಗೇ ಹೋಯ್ತು."

"ಅಮ್ಮಾವ್ರು ಬಟ್ಟೆ ತೆಗೆದು ನೋಡಿದ್ರೆ ಏನಾಗುತ್ತೆ ಗೊತ್ತಾ? ಈ ಊರಲ್ಲಿ ಇನ್ಯಾವ ತಲೇನೂ ನಿಮ್ಮ ಕತ್ತರಿಗೆ ಬಗ್ಗಲ್ಲ. ಹೆಂಗಸು ಬದುಕಿರೋ ತನಕ ಆ ಬೋಳು ಮೂತೀನೇ ನೆನಪಿಟ್ಕೋಬೇಕಲ್ರೀ!"

ನೊಣಪ್ಪ ಮನೆಗೆ ಬಂದದ್ದು ಮುಲಾಮಿಗಾಗಿ ಅಲ್ಲ, ವೈಸು, ಮೇಣ, ರೇಷ್ಮೆ ದಾರ, ವಾರ್ನಿಶ್ ಶೀಸೆಗಳಿಗಾಗಿ. ಕರವಸ್ತ್ರದಲ್ಲಿದ್ದ ಚಿಟಿಕೆ ಕೂದಲು ಮೀಸೆಯ ಕಾಲು ಭಾಗಕ್ಕೂ ಸಾಲದು. ಹೆಂಡತಿಯ ಕೋಟು ನೋಡಿದ. ಅದು ಕಪ್ಪು. ಬೆಕ್ಕಿನ ಬಾಲ ಬೂದಿ.

ಹೆಂಡತಿ ಕಪಾಟಿನ ಮೇಲಿನ ತಗಡಿನ ಡಬ್ಬಿಯನ್ನು ತೆಗೆದು ಅವನ ಮುಂದೆ ಇಟ್ಟು ಮುಚ್ಚಳ ಬಿಚ್ಚಿದಳು. ಒಳಗೆ ಬಿರಡೆಯ ಹಾಳೆಗೆ ಚುಚ್ಚಿದ್ದ ನರಿಬಣ್ಣದ ನೊಣಗಳು ಸಾಲಾಗಿ ಹೊಳೆದವು. ಅವನು ದೊಡ್ಡಪ್ಪನಿಗಾಗಿ ವರ್ಷಗಟ್ಟಲೆ ಕಟ್ಟಿ ಕೂಡಿಟ್ಟದ್ದು.

"ಇದು ಯಾರ ಕೂದಲು?" ಎಂದು ಕೇಳಿದಳು.

"ಅದನ್ನ ಮಾತ್ರ ಕೇಳಬೇಡ ಕಣೇ."

"ಅವರದ್ದು ಅವರಿಗೆ ಕೊಟ್ಟು ಬನ್ನಿ" ಎಂದು ಹೇಳಿ ಅವಳು ಬಕೆಟ್ಟಿನ ಕಡೆಗೆ ತಿರುಗಿದಳು.

ಹಿಂದಿನ ಕೋಣೆಯ ಬಾಗಿಲಿಗೆ ಅಗಳಿ ಹಾಕಿಕೊಂಡು ನೊಣಪ್ಪ ಸಾಹೇಬರ ತಲೆದೆಸೆಯಲ್ಲಿ ಕೂತ. ವೈಸನ್ನು ಮೇಜಿನ ಅಂಚಿಗೇ ಬಿಗಿದ. ಮೊದಲನೆಯ ನೊಣವನ್ನು ಕಚ್ಚಿಸಿ ದಾರದ ಗಂಟು ಬಿಡಿಸಿದ. ಕಟ್ಟುವುದಕ್ಕೆ ಸಂಜೆಯೆಲ್ಲ ಬೇಕಾದ ನೊಣ ಬಿಚ್ಚಿದರೆ ಒಂದು ಉಸಿರಿಗೆ ಕೂದಲಾಗಿ, ದಾರವಾಗಿ, ಬೋಳು ಕೊಕ್ಕೆಯಾಗಿ ಬೀಳುತ್ತಿತ್ತು. ಇದು ಸಾಹೇಬರಿಗೆ ನೆಗಡಿಯಾಗಿ ಕುರ್ಚಿಯಲ್ಲೇ ಸೀನಿದ ಶನಿವಾರದ್ದು. ಇದು ಅವರು ಮಾತೇ ಆಡದೆ ಎದ್ದುಹೋದ ಶನಿವಾರದ್ದು. ಒಂದೊಂದನ್ನೂ ಬಿಚ್ಚುವಾಗ ಅವನಿಗೆ ಹಲ್ಲು ಕೀಳಿಸಿಕೊಂಡಂತಾಯಿತು.

ಬಿಚ್ಚಿದ ಕೂದಲನ್ನು ಪುಟ್ಟ ಪುಟ್ಟ ಕುಚ್ಚು ಮಾಡಿ, ಮೇಣ ಸವರಿದ ದಾರದಲ್ಲಿ ಬಿಗಿದು, ಸಾಹೇಬರ ತುಟಿಯ ಮೇಲೆ ಉಳಿದಿದ್ದ ಮೋಟು ಕೂದಲಿಗೆ ಗಂಟು ಹಾಕುತ್ತ ಹೋದ. ಒಂದರ ಗಂಟನ್ನು ಇನ್ನೊಂದು ಮುಚ್ಚುವಂತೆ, ಮಾಡಿಗೆ ಹೆಂಚು ಹೊದಿಸಿದ ಹಾಗೆ, ಸಾಲು ಮೇಲೆ ಸಾಲು. ಬುಡಕ್ಕೆ ವಾರ್ನಿಶ್ ತೊಟ್ಟು. ಅವನು ಜೀವಮಾನದಲ್ಲಿ ಕಟ್ಟಿದ ಅತಿ ದೊಡ್ಡ ನೊಣ ಅದು. ಕಿಂಡಿ ಮುಚ್ಚಿತು, ಬಲಗಡೆ ತುಂಬಿತು, ಎಡಗಡೆಯೂ ತುಂಬುತ್ತ ಬಂತು.

ಹೊರಗೆ ಜನ ಸೇರುವ ಸದ್ದು. ಬಡಗಿ ಪೆಟ್ಟಿಗೆ ತಂದು ಹಜಾರದಲ್ಲಿ ಇಳಿಸಿದ ಸದ್ದು. "ಅಗಳಿ ಯಾಕೆ ಹಾಕಿದೀಯಾ? ತೆಗಿ!" ಎಂದು ತಮ್ಮ ಬಾಗಿಲು ಗುದ್ದತೊಡಗಿದ.

ಎಡಮೀಸೆಯ ತುದಿಗೆ ಒಂದು ಕುಚ್ಚು ಸಾಲದೆ ಬಂತು. ಡಬ್ಬಿಯಲ್ಲಿ ಉಳಿದಿದ್ದದ್ದು ಒಂದೇ ನೊಣ. ಅವನು ಕಟ್ಟಿದ್ದರಲ್ಲೇ ಚೆಂದದ್ದು, ದೊಡ್ಡಪ್ಪನಿಗೆಂದೇ ಎತ್ತಿಟ್ಟಿದ್ದದ್ದು. ಬಿಚ್ಚಲು ಹೊತ್ತಿಲ್ಲ. ಬಾಗಿಲ ಅಗಳಿ ಕುಣಿಯುತ್ತಿತ್ತು. ನೊಣಪ್ಪ ಆ ನೊಣವನ್ನು ಇಡಿಯಾಗಿ ಮೀಸೆಯ ತುದಿಗೆ ಬಿಗಿದುಬಿಟ್ಟ. ಇಕ್ಕಳದಿಂದ ಕೊಕ್ಕೆಯ ಮೊನೆ ಮುರಿಯಬೇಕು ಎಂದು ಇಕ್ಕಳ ತೆಗೆದುಕೊಂಡ. ಅಷ್ಟರಲ್ಲಿ ಅಗಳಿಯೇ ಮುರಿಯಿತು.

ನಾಲ್ವರು ಒಳಗೆ ನುಗ್ಗಿ ಸಾಹೇಬರನ್ನು ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿ ಹಜಾರಕ್ಕೆ ಒಯ್ದರು. ನೊಣಪ್ಪ ಇಕ್ಕಳ ಹಿಡಿದುಕೊಂಡೇ ಹಿಂದೆ ಹೋದ.

ಜನ ಸಾಲಾಗಿ ಬಂದು ನೋಡಿದರು. "ನಿದ್ದೆ ಮಾಡ್ತಿರೋ ಹಾಗಿದಾರೆ." "ಮೀಸೆ ನೋಡಿ, ಇನ್ನೂ ಜೀವ ಇದೆ ಅದಕ್ಕೆ." ಡ್ರಾಯಿಂಗ್ ಮೇಷ್ಟ್ರು ಬಂದವರು ದಂಗಾಗಿ ನಿಂತರು. ಬೆಳಿಗ್ಗೆ ಹಲಗೆಯಾಗಿದ್ದದ್ದು ಈಗ ಮತ್ತೆ ಹಾಯಿದೋಣಿಯಾಗಿತ್ತು. "ಸತ್ತ ಮೇಲೂ ಕೂದಲು ಬೆಳೆಯುತ್ತೆ ಅಂತ ಕೇಳಿದ್ದೆ. ಇಷ್ಟು ಬೇಗಾನಾ?" ಎಂದು ನೊಣಪ್ಪನ ಕಿವಿಯಲ್ಲಿ ಕೇಳಿದರು.

"ಬಿಸಿ ಬಟ್ಟೆ ಮೇಷ್ಟ್ರೇ" ಎಂದ ನೊಣಪ್ಪ.

ಕೊನೆಗೆ ಸಾಹೇಬರ ಹೆಂಡತಿ ಬಂದರು. ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಬೆಳಗಿನಿಂದ ಮೊದಲ ಬಾರಿಗೆ ಅವರ ಮುಖದಲ್ಲಿ ನಗುವಿನಂಥದ್ದೇನೋ ಸುಳಿಯಿತು. "ಮದುವೇಲಿ ಹಿಂಗೇ ಇದ್ರು" ಎಂದರು. ನೊಣಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವರು ಹೊದ್ದಿದ್ದ ಶಾಲಿನ ಸಮೇತ ಬಗ್ಗಿ ಗಂಡನ ಹಣೆಗೆ ಹಣೆ ಹಚ್ಚಿದರು. ಆಮೇಲೆ ಏಳಲು ಹೋದರು. ಏಳಲಾಗಲಿಲ್ಲ.

ಎರಡನೆಯ ಸಲ ಪ್ರಯತ್ನಿಸಿದರು. ಶಾಲು ಬಿಗಿಯಾಗಿ ಎಳೆಯಿತು. ಸಾಹೇಬರ ತಲೆ ದಿಂಬಿನಿಂದ ಒಂದಿಷ್ಟು ಎದ್ದಂತಾಗಿ ಮತ್ತೆ ಒರಗಿತು.

"ಹಿಡ್ಕೊಂಡಿದಾರೆ" ಎಂದರು ಅವರು, ಬಗ್ಗಿಕೊಂಡೇ. "ಬಿಡ್ತಾ ಇಲ್ಲ ನನ್ನನ್ನ."

ಮುಂದಿನ ಸಾಲಿನವರು ಹಿಂದಿನ ಸಾಲಿನವರ ಕಾಲು ತುಳಿದರು. ಯಾರೋ ಕಿಟಕಿ ಹತ್ತಿ ಹೊರಗೆ ಇಳಿದರು. ನೊಣಪ್ಪ ಮಾತ್ರ ಏನಾಗಿದೆಯೆಂದು ಬಲ್ಲವನು. ಕೊಕ್ಕೆ ಶಾಲಿನ ನೇಯ್ಗೆಗೆ ಹಿಡಿದಿತ್ತು. ಎಳೆದಷ್ಟೂ ಇನ್ನೂ ಹಿಡಿಯುವುದು ಅದರ ಧರ್ಮ. ಇನ್ನೊಮ್ಮೆ ಎಳೆದರೆ ಮೀಸೆ ಇಡಿಯಾಗಿ ಶಾಲಿನ ಜೊತೆ ಮೇಲಕ್ಕೆ ಹೋಗುತ್ತದೆ.

"ಎಳೀಬೇಡಿ ಅಮ್ಮಾವ್ರೇ! ಅಲ್ಲಾಡಬೇಡಿ!" ಎಂದು ಕೂಗಿ ಜನರ ನಡುವೆ ನುಸುಳತೊಡಗಿದ.

ಅವರು ಅಲ್ಲಾಡಲಿಲ್ಲ. ಗಂಡನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು. "ಏನ್ರೀ? ಏನು ಬೇಕು ನಿಮಗೆ? ನಿನ್ನೆ ದನಿ ಏರಿಸಿ ಮಾತಾಡಿದ್ನಲ್ಲ, ಅದಕ್ಕಾ?"

ಬಿಡಲಿಲ್ಲ.

ತಮ್ಮನ ಮುಖ ಸುಣ್ಣವಾಗಿತ್ತು. ಅವನ ದನಿ ಮೊದಲ ಬಾರಿಗೆ ಪಿಸುಮಾತಾಗಿ ಹೊರಟಿತು. "ಅತ್ತಿಗೆ, ಅಣ್ಣನ ಕೈಗಡಿಯಾರ ನನ್ನ ಜೇಬಲ್ಲಿದೆ ಅಂತ ಹೇಳಿ. ಜೋಪಾನ ಮಾಡೋಕೆ ತಗೊಂಡಿದ್ದೆ. ಇಗೋ, ಇಲ್ಲೇ ಇಟ್ಟೆ" ಎಂದು ಪೆಟ್ಟಿಗೆಯೊಳಗೆ ಇಟ್ಟು ಕೈ ಹಿಂದಕ್ಕೆ ಎಳೆದುಕೊಂಡ.

ಬಿಡಲಿಲ್ಲ.

"ಸಾಹೇಬ್ರ ಏಣಿ ನನ್ನ ಹತ್ರಾನೇ ಇದೆ" ಎಂದರು ಡ್ರಾಯಿಂಗ್ ಮೇಷ್ಟ್ರು, ಯಾರೂ ಕೇಳದಿದ್ದರೂ. "ಸಂಜೆ ತಂದುಬಿಡ್ತೀನಿ."

ನೊಣಪ್ಪ ಪೆಟ್ಟಿಗೆಯ ಹತ್ತಿರ ತಲುಪಿದ. "ಒಂದು ಕೂದಲು ಎದ್ದಿದೆ ಅಮ್ಮಾವ್ರೇ, ಒಂದೇ ನಿಮಿಷ" ಎನ್ನುತ್ತ ಬಾಚಣಿಗೆಯನ್ನು ಮರೆ ಹಿಡಿದು, ಶಾಲಿನ ಅಡಿಗೆ ಕೈ ತೂರಿಸಿದ. ಬೆರಳಿಗೆ ಕೊಕ್ಕೆ ಸಿಕ್ಕಿತು. ಮೀನಿನ ಬಾಯಿಂದ ಬಿಡಿಸುವ ಹಾಗೆಯೇ ಬಿಡಿಸಬೇಕು: ಮೊದಲು ಒಳಕ್ಕೆ ಒತ್ತಿ, ಆಮೇಲೆ ತಿರುಚಿ, ಬಂದ ದಾರಿಯಲ್ಲೇ ಹಿಂದಕ್ಕೆ. ಒತ್ತಿದ. ತಿರುಚಿದ.

"ಮಡುವಿನ ವಿಷಯಾನಾ?" ಎಂದರು ಸಾಹೇಬರ ಹೆಂಡತಿ. ಅವರ ಕಣ್ಣೀರು ಗಂಡನ ಕೆನ್ನೆಗೆ ಬೀಳುತ್ತಿತ್ತು. "ಮೀನುಗಳೆಲ್ಲ ಕಮ್ಮಿ ಆಗ್ತಿವೆ, ಮಡು ಮುಚ್ಚಿಬಿಡಬೇಕು ಅಂತ ದಿನಾ ಹೇಳ್ತಿದ್ರಿ. ಊರೋರು ಬೈಕೋತಾರೆ ಅಂತ ನಾನೇ ಬೇಡ ಅಂದೆ. ಆಯ್ತು ಕಣ್ರೀ. ನಿಮ್ಮ ಮೇಲಾಣೆ. ಇನ್ನು ಆ ಮಡುವಿಗೆ ಯಾರೂ ಗಾಳ ಹಾಕೋ ಹಾಗಿಲ್ಲ. ನಾನಿರೋ ತನಕ, ನಾನು ಹೋದ ಮೇಲೂ."

ನೊಣಪ್ಪನ ಬೆರಳು ಕೆಲಸ ಮುಗಿಸಿದ ಮೇಲೆ ಆ ಮಾತು ಅವನ ಕಿವಿಗೆ ಬಿತ್ತು. ಒಂದು ಕ್ಷಣ ಮೊದಲು ಬಿದ್ದಿದ್ದರೆ ಅವನು ಏನಾದರೂ ಮಾಡುತ್ತಿದ್ದ. ಕೊಕ್ಕೆಯನ್ನು ಅಲ್ಲೇ ಬಿಟ್ಟು ಅವರು ಬೇರೇನಾದರೂ ಹೇಳುವ ತನಕ ಕಾಯುತ್ತಿದ್ದ. ಈಗ ಶಾಲು ಸರಕ್ಕನೆ ಕಳಚಿಕೊಂಡಿತು. ಅಮ್ಮಾವ್ರು ನೆಟ್ಟಗೆ ಎದ್ದು ನಿಂತರು.

"ಬಿಟ್ರು!" ಎಂದು ಯಾರೋ ಕೂಗಿದರು. "ಒಪ್ಪಿಬಿಟ್ರು! ಮಡುವಿನ ಮಾತು ಬಂದ ಕೂಡ್ಲೆ ಬಿಟ್ರು!" ದಿನಾ ಆ ಮಡುವಿನ ದಡದಲ್ಲಿ ಕೂರುವವರೇ ಮೊದಲು ಕೈ ಮುಗಿದರು. ಅಲ್ಲಿ ಇದ್ದವರೆಲ್ಲ ತಾವಾಗಿಯೇ ಒಬ್ಬೊಬ್ಬರಾಗಿ ಪೆಟ್ಟಿಗೆ ಮುಟ್ಟಿ, ಇನ್ನು ಆ ನೀರಿಗೆ ದಾರ ಇಳಿಸುವುದಿಲ್ಲವೆಂದು ಆಣೆ ಮಾಡಿದರು. ನೊಣಪ್ಪ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದನಾದ್ದರಿಂದ ಅವನೂ ಮಾಡಬೇಕಾಯಿತು.

ಸಂಜೆ ಬಡಗಿ ಮುಚ್ಚಳಕ್ಕೆ ಮೊಳೆ ಹೊಡೆದ. ನೊಣಪ್ಪ ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ, ದೊಡ್ಡಪ್ಪನಿಗೆಂದು ಎತ್ತಿಟ್ಟ ನೊಣದ ಸಮೇತ, ಸಾಹೇಬರ ಮೂಗಿನ ಕೆಳಗೆ ಮಣ್ಣಿಗೆ ಹೋಯಿತು. ಮಣ್ಣು ಮುಚ್ಚುವಾಗ ಅವನು ಬಿಕ್ಕಿ ಬಿಕ್ಕಿ ಅತ್ತ. ಸಾಹೇಬರ ಸ್ವಂತ ತಮ್ಮನೂ ಅಷ್ಟು ಅತ್ತಿರಲಿಲ್ಲ. ಅದನ್ನು ಎಲ್ಲರೂ ನೋಡಿದರು, ಅಮ್ಮಾವ್ರೂ ನೋಡಿದರು.

ಜನ ಚದುರಿದ ಮೇಲೆ ಅವರು ನೊಣಪ್ಪನನ್ನು ಕರೆದುಕೊಂಡು ಹೊಳೆಯ ಕಡೆ ನಡೆದರು. ಮಡುವಿನ ದಡದಲ್ಲಿ ನಿಂತು ಸ್ವಲ್ಪ ಹೊತ್ತು ನೀರು ನೋಡಿದರು. ನೊಣಪ್ಪ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ.

"ಅಮ್ಮಾವ್ರೇ, ಆ ಮೀಸೆ..."

"ಗೊತ್ತಪ್ಪ" ಎಂದರು ಅವರು. "ಎಷ್ಟು ಪ್ರೀತಿಯಿಂದ ಮಾಡಿದೀಯಾ ಅಂತ ನೋಡಿದ ಕೂಡ್ಲೆ ಗೊತ್ತಾಯ್ತು. ಅವರು ಬದುಕಿದ್ದಾಗಲೂ ಆ ಮೀಸೆ ಅಷ್ಟು ಚೆನ್ನಾಗಿರಲಿಲ್ಲ. ಅವರಿಗೋಸ್ಕರ ಅಷ್ಟು ಅತ್ತೋನೂ ನೀನೊಬ್ಬನೇ. ಅದಕ್ಕೇ ಯೋಚನೆ ಮಾಡಿದೀನಿ. ಈ ಮಡುವಿನ ಕಾವಲು ಇನ್ನು ನಿನ್ನದು. ಸಂಜೆ ಅಂಗಡಿ ಮುಚ್ಚಿ ಬಂದು ಇಲ್ಲಿ ಒಂದು ಸುತ್ತು ಹಾಕು. ಯಾರನ್ನೂ ಹತ್ತಿರ ಬಿಡಬೇಡ. ನಿನ್ನ ಕಣ್ಣಿದ್ರೆ ಅವರ ಕಣ್ಣಿದ್ದ ಹಾಗೆ."

ನೊಣಪ್ಪನ ಬಾಯಿ ತೆರೆದೇ ಇತ್ತು. ಅದರಿಂದ ಬಂದದ್ದು "ಆಗಲಿ ಅಮ್ಮಾವ್ರೇ" ಎಂಬ ಮಾತು.

ಅವರು ಶಾಲು ಸರಿಮಾಡಿಕೊಂಡು ಮನೆಯ ಕಡೆ ಹೋದರು. ಹೊತ್ತು ಮುಳುಗುತ್ತಿತ್ತು. ನೀರಿನ ಮೇಲೆ ನಿಜವಾದ ನೊಣಗಳು ಗುಂಪು ಗುಂಪಾಗಿ ಎದ್ದು ಹಾರತೊಡಗಿದ್ದವು. ಮಡುವಿನ ನಡುವೆ ನೀರು ಮೆಲ್ಲಗೆ ಉಬ್ಬಿತು. ದೊಡ್ಡಪ್ಪ ಅಗಲವಾದ ಬೆನ್ನು ತೋರಿ, ಊಟವಾದ ಮೇಲೆ ಜಗಲಿಯಲ್ಲಿ ಆಕಳಿಸುವ ಯಜಮಾನನ ಹಾಗೆ ಬಾಯಿ ತೆರೆದು, ಒಂದು ನೊಣವನ್ನು ನಿಧಾನವಾಗಿ ಒಳಗೆ ಎಳೆದುಕೊಂಡ. ಆಮೇಲೆ ದಡಕ್ಕೆ ಇನ್ನೂ ಸಮೀಪದಲ್ಲಿ ಎದ್ದು ಇನ್ನೊಂದನ್ನು ತಿಂದ. ನೊಣಪ್ಪ ತನಗೇ ತಿಳಿಯದಂತೆ ನೀರಿನ ಅಂಚಿಗೆ ಬಂದು ಬಗ್ಗಿ ನಿಂತಿದ್ದ. ಕೈ ಚಾಚಿದರೆ ದೊಡ್ಡಪ್ಪನ ಬೆನ್ನು ಸವರಬಹುದಿತ್ತು.

ಸೇತುವೆಯ ಮೇಲೆ ಸುತ್ತಿಗೆ ಹೆಗಲಿಗಿಟ್ಟುಕೊಂಡು ಹೋಗುತ್ತಿದ್ದ ಬಡಗಿ ಕಟ್ಟೆಯ ಮೇಲಿಂದ ಇಣುಕಿದ.

"ನೊಣಪ್ಪಣ್ಣಾ, ನೀರಿಗೆ ಅಷ್ಟು ಹತ್ರ ನಿಂತ್ಕೋಬೇಡ. ನೋಡಿದೋರು ತಪ್ಪು ತಿಳ್ಕೋತಾರೆ."

ನೊಣಪ್ಪ ಹಿಂದಕ್ಕೆ ಸರಿದು ನಿಂತ.